ಓಟದ ಆಪ್‌ನಿಂದ ಮಾಹಿತಿ ಸೋರಿದೆಯಂತೆ, ಏನು ಮಾಡಲಿ?

ಪ್ರಶ್ನೆ: ಅಕ್ಕ, ನಾನು ದಿನಾ ಬೆಳಿಗ್ಗೆ ಐದೂವರೆಗೆ ಅಂಬಲಪಾಡಿಯ ಮನೆಯಿಂದ ಮಲ್ಪೆ ಕಡೆಗೆ ಓಡುತ್ತೇನೆ. ಲೆಕ್ಕ ಇಡಲು ಫೋನಿನಲ್ಲಿ ಒಂದು ಆಪ್ ಇತ್ತು. ಬಳಕೆದಾರರ ಮಾಹಿತಿ ಸೋರಿದೆ ಅಂತ ಮೊನ್ನೆ ಆ ಕಂಪನಿಯಿಂದ ಮೇಲ್ ಬಂತು. ಹೆದರಿ ಆಪ್ ತೆಗೆದುಬಿಟ್ಟೆ. ಇಷ್ಟು ಸಾಕಲ್ವಾ?
– ಓದುಗರು, ಉಡುಪಿ

ಉತ್ತರ: ಸಾಕಾಗುವುದಿಲ್ಲ. ಆಪ್ ಹೋಗಿದ್ದು ಫೋನಿನಿಂದ ಮಾತ್ರ, ನಿಮ್ಮ ಖಾತೆ ಅವರ ಹತ್ತಿರ ಹಾಗೇ ಇದೆ. ಆಪ್ ಮತ್ತೆ ಹಾಕಿಕೊಂಡು ಪಾಸ್‌ವರ್ಡ್ ಬದಲಾಯಿಸಿ. ಮೇಲ್‌ನಲ್ಲಿರುವ ಲಿಂಕ್ ಮಾತ್ರ ಒತ್ತಬೇಡಿ, ಇಂಥ ಹೊತ್ತಲ್ಲಿ ಕಂಪನಿಯ ಹೆಸರಲ್ಲಿ ಸುಳ್ಳು ಮೇಲ್ ಕಳಿಸುವವರೂ ಇರುತ್ತಾರೆ.

ಅದೇ ಪಾಸ್‌ವರ್ಡ್ ಜಿಮೇಲ್‌ಗೂ ಇದೆಯಾ? ಇದ್ದರೆ ಮೊದಲು ಜಿಮೇಲ್‌ದು ಬದಲಾಯಿಸಿ, ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಖಾತ್ರಿ ಕೇಳುವುದು) ಆನ್ ಮಾಡಿ. 2018ರಲ್ಲಿ ಊಟ, ವ್ಯಾಯಾಮದ ಲೆಕ್ಕ ಇಡುವ ಮೈಫಿಟ್‌ನೆಸ್‌ಪಾಲ್ ಆಪ್‌ನಿಂದ ಸುಮಾರು 15 ಕೋಟಿ ಖಾತೆಗಳ ಇಮೇಲ್ ವಿಳಾಸ, ಹ್ಯಾಶ್ ಮಾಡಿದ (ನೇರವಾಗಿ ಓದಲಾಗದ ಹಾಗೆ ಬದಲಿಸಿಟ್ಟ) ಪಾಸ್‌ವರ್ಡ್ ಎಲ್ಲ ಕಳ್ಳರ ಕೈ ಸೇರಿತ್ತು, ಮರುವರ್ಷ ಡಾರ್ಕ್ ವೆಬ್‌ನಲ್ಲಿ (ಅಂತರ್ಜಾಲದ ಗುಪ್ತ ಭಾಗದಲ್ಲಿ) ಮಾರಾಟಕ್ಕೂ ಬಂತು. ಒಂದು ಕಡೆ ಸಿಕ್ಕಿದ ಪಾಸ್‌ವರ್ಡನ್ನು ಇವರು ಹತ್ತು ಕಡೆ ಹಾಕಿ ನೋಡುತ್ತಾರೆ.

ಆದರೆ ನನಗೆ ಜಾಸ್ತಿ ಚಿಂತೆ ನಿಮ್ಮ ಓಟದ ಮ್ಯಾಪ್‌ನದ್ದು. ಪಾಸ್‌ವರ್ಡ್ ಬದಲಾಯಿಸಬಹುದು, ಮನೆ ಬದಲಾಯಿಸೋಕಾಗುತ್ತಾ? ಹಳೇ ಓಟ ಒಂದನ್ನು ತೆರೆದು, ಬೆರಳಲ್ಲಿ ದೊಡ್ಡದು ಮಾಡಿ ನೋಡಿ. ಗೆರೆ ಶುರುವಾಗುವುದೇ ನಿಮ್ಮ ಗೇಟಿನಿಂದ. ಪಕ್ಕದಲ್ಲಿ ಸಮಯ: 5.30. ಇನ್ನೂ ಕತ್ತಲೆ ಇರುವ ಹೊತ್ತಿಗೆ ನೀವು ಯಾವ ದಾರಿಯಲ್ಲಿರುತ್ತೀರಿ, ಮನೆಗೆ ಯಾವಾಗ ವಾಪಸ್ ಬರುತ್ತೀರಿ ಅಂತ ಗುರುತಿಲ್ಲದವರಿಗೂ ಗೊತ್ತಾಗುತ್ತದೆ. 2018ರ ಜನವರಿಯಲ್ಲಿ ಓಟದ ಲೆಕ್ಕ ಇಡುವ ಆಪ್ ನಡೆಸುವ ಸ್ಟ್ರಾವಾ ಕಂಪನಿಯ ಜಾಗತಿಕ ಮ್ಯಾಪ್ ನೋಡಿದವರಿಗೆ ಸೈನಿಕರು ಓಡಿದ ಗೆರೆಗಳಿಂದಲೇ ಸೇನಾ ನೆಲೆಗಳ ಗುರುತು ಸಿಕ್ಕಿತ್ತು. ಅಲ್ಲಿ ಯಾರೂ ಏನೂ ಕದ್ದಿರಲಿಲ್ಲ, ಅದು ಕಂಪನಿಯೇ ಹೊರಗೆ ಬಿಟ್ಟ ಮ್ಯಾಪ್!

ಹಾಗಾಗಿ ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ಓಟ ನಿಮಗೆ ಮಾತ್ರ ಕಾಣುವ ಹಾಗೆ ಮಾಡಿ. ಶುರು ಮತ್ತು ಕೊನೆಯ ಜಾಗ ಮುಚ್ಚುವ ಸೌಲಭ್ಯ ಹಲವು ಆಪ್‌ಗಳಲ್ಲಿದೆ, ಅದನ್ನೂ ಬಳಸಿ. ಆ ಕಂಪನಿ ಬೇಡವೇ ಬೇಡ ಅನಿಸಿದರೆ ಖಾತೆಯನ್ನೇ ಅಳಿಸಿ.

ಅದಕ್ಕೂ ಮೊದಲು ಕಂಪನಿಗೆ ಬರೆದು ಕೇಳಿ, ಮ್ಯಾಪ್ ಕೂಡ ಹೋಗಿದೆಯಾ ಅಂತ. ಸೋರಿದ್ದನ್ನು ಬಳಕೆದಾರರಿಗೆ ತಿಳಿಸಬೇಕು ಅಂತ 2023ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲೇ ಇದೆ. ನೀವು ಕೇಳುವುದರಲ್ಲಿ ತಪ್ಪೇನಿಲ್ಲ. ಉತ್ತರ ಬರುವ ತನಕ ಬೆಳಕು ಹರಿದ ಮೇಲೆ ಹೊರಡಿ, ಸಾಧ್ಯವಾದರೆ ಯಾರನ್ನಾದರೂ ಜೊತೆಗೆ ಕರ್ಕೊಳ್ಳಿ. ಅಷ್ಟರಲ್ಲಿ ದುಡ್ಡೇನಾದರೂ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.