ಆರು ಅಪಾಚೆಯ ಲೆಕ್ಕ: ಗುಬ್ಬಿಯ ಮೇಷ್ಟ್ರಿಗೆ ಉತ್ತರ

ಗುಬ್ಬಿ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ನಮ್ಮ ತಾಲ್ಲೂಕಿನಲ್ಲೇ ಹೆಲಿಕಾಪ್ಟರ್ ಕಾರ್ಖಾನೆ ಇದೆ. ದಾಳಿ ಹೆಲಿಕಾಪ್ಟರ್ ಪ್ರಚಂಡ್ ನಮ್ಮದೇ. ಹೀಗಿರುವಾಗ ಅಮೆರಿಕದಿಂದ ಸಾವಿರಾರು ಕೋಟಿ ಕೊಟ್ಟು ಅಪಾಚೆ ದಾಳಿ ಹೆಲಿಕಾಪ್ಟರ್ ತರಿಸಿದ್ದೇಕೆ? ನೀವಂತೂ ಪತ್ರಿಕೆಯಲ್ಲಿ ಅದನ್ನು ಹೊಗಳಿ ಅಟ್ಟಕ್ಕೇರಿಸಿದ್ದೀರಿ. ನಮ್ಮೂರ ಕಾರ್ಖಾನೆಯ ಪ್ರಚಂಡ್ ಹಾರುವುದನ್ನು ನಾನು ನೋಡುವುದು ಯಾವಾಗ?’

ಮೇಷ್ಟ್ರೇ, ಹೊಗಳಿದ್ದು ನಿಜ. ಪತ್ರಿಕೆಯಲ್ಲಿ ಅದರ ಚಿತ್ರದ ಅಡಿಯಲ್ಲಿ ‘ಹಿಮಾಲಯ ಕಾಯುವ ಅಪಾಚೆ’ ಎಂದು ಹಾಕಿದ್ದು ನಾನೇ. ಚಿತ್ರದಲ್ಲಿದ್ದದ್ದು ಮರಳುಗಾಡು. ತಿದ್ದಿಕೊಂಡಿದ್ದೇನೆ.

ಆದರೆ ನೀವು ಸ್ವದೇಶಿ–ವಿದೇಶಿ ಎಂದು ಗೆರೆ ಎಳೆದಲ್ಲಿ ನಾನು ಎಳೆಯುವುದಿಲ್ಲ. ಈ ವಿಷಯದಲ್ಲಿ ನನಗೆ ಮೊದಲು ನೆನಪಾಗುವುದು ಕಾರ್ಗಿಲ್‌ನ ತೋಲೋಲಿಂಗ್. 1999ರ ಮೇ 28ರಂದು ಅಲ್ಲಿ ನಮ್ಮ ಎಂಐ-17 ಹೆಲಿಕಾಪ್ಟರ್ ಕ್ಷಿಪಣಿಗೆ ಸಿಕ್ಕಿ ಉರುಳಿತು. ಒಳಗಿದ್ದ ನಾಲ್ವರೂ ಹೋದರು. ಎಂಐ-17 ಮೂಲತಃ ಸಾಮಾನು, ಸೈನಿಕರನ್ನು ಸಾಗಿಸುವ ಬಂಡಿ. ಅದಕ್ಕೆ ರಾಕೆಟ್ ಕಟ್ಟಿ ಯುದ್ಧಕ್ಕೆ ಕಳಿಸಿದ್ದೆವು. ದಾಳಿಗೆಂದೇ ರಷ್ಯಾದಿಂದ ತಂದ ಯಂತ್ರಗಳು ಇರಲಿಲ್ಲವೇ? ಇದ್ದವು. 1984ರಲ್ಲಿ ಎಂಐ-25, ಆಮೇಲೆ ಎಂಐ-35. ವಾಯುಪಡೆಯವರು ಅದನ್ನು ‘ಅಕ್ಬರ್’ ಎಂದು ಕರೆಯುತ್ತಿದ್ದರು. ಕವಚ ಹೊತ್ತ ಭಾರೀ ಒಡಲು. ಅಷ್ಟು ಎತ್ತರದಲ್ಲಿ ಗಾಳಿ ತೆಳು; ರೆಕ್ಕೆಗೆ ಹಿಡಿತ ಸಿಗದು, ಎಂಜಿನ್‌ಗೂ ಉಸಿರು ಸಾಲದು. ಹಾರಲೇಬೇಕೆಂದರೆ ಇಂಧನ ಕಡಿಮೆ ಮಾಡಬೇಕು, ಇಲ್ಲವೇ ಗುಂಡು ಕಡಿಮೆ ಮಾಡಬೇಕು. ಯುದ್ಧ ನಡೆದದ್ದು ಬೆಟ್ಟದ ನೆತ್ತಿಯಲ್ಲಿ, ನಮ್ಮ ಬಳಿ ಇದ್ದದ್ದು ಬಯಲಿನ ಯಂತ್ರ.

ಬಯಲಲ್ಲಿ ಅದು ಕೆಲಸಕ್ಕೆ ಬಂದಿತ್ತು. 2000ನೇ ಇಸವಿಯಲ್ಲಿ ಸಿಯೆರಾ ಲಿಯೋನ್‌ನ ಕೈಲಾಹುನ್‌ನಲ್ಲಿ ಬಂಡುಕೋರರು ವಿಶ್ವಸಂಸ್ಥೆಯ ಪರವಾಗಿ ಹೋಗಿದ್ದ ನಮ್ಮ ಇನ್ನೂರಕ್ಕೂ ಹೆಚ್ಚು ಶಾಂತಿಪಾಲಕರನ್ನು ಸುತ್ತುವರಿದಿದ್ದಾಗ, ಅವರನ್ನು ಬಿಡಿಸಿದ ಕಾರ್ಯಾಚರಣೆಯಲ್ಲಿ ಎಂಐ-35 ಇತ್ತು. ಅದಕ್ಕೂ ಮೊದಲು, 1987ರಲ್ಲಿ, ಎಂಐ-25 ಶ್ರೀಲಂಕಾದ ಜಾಫ್ನಾದ ಮೇಲೆ ಹಾರಿತ್ತು. ಚಾವಕಚ್ಚೇರಿಯಲ್ಲಿ ನಮ್ಮ ಹೆಲಿಕಾಪ್ಟರ್ ದಾಳಿಗೆ ಜನಸಾಮಾನ್ಯರು ಬಲಿಯಾದರೆಂಬ ದೂರು ಅಲ್ಲಿನ ತಮಿಳರ ಬಾಯಲ್ಲಿ ಈಗಲೂ ಇದೆ. ದಾಳಿ ಹೆಲಿಕಾಪ್ಟರ್‌ಗಳ ಬಗ್ಗೆ ಬರೆಯುವಾಗ ನಾವು ಪತ್ರಿಕೆಯವರು ಕೈಲಾಹುನ್‌ನದನ್ನು ಹೇಳುತ್ತೇವೆ, ಚಾವಕಚ್ಚೇರಿಯದನ್ನು ನುಂಗುತ್ತೇವೆ.

ನಿಮ್ಮ ಪ್ರಚಂಡ್‌ನ ಬೀಜ ಬಿದ್ದದ್ದು ಕಾರ್ಗಿಲ್‌ನಲ್ಲೇ. ಎತ್ತರಕ್ಕೆ ತಕ್ಕ ಹಗುರ ಯಂತ್ರ ಬೇಕೆಂದು 2006ರಲ್ಲಿ ಒಪ್ಪಿಗೆ ಸಿಕ್ಕಿತು, 2010ರ ಮಾರ್ಚ್‌ನಲ್ಲಿ ಬೆಂಗಳೂರಿನ ಆಕಾಶಕ್ಕೆ ಮೊದಲ ಬಾರಿ ಏರಿತು, ವಾಯುಪಡೆಗೆ ಸೇರಿದ್ದು 2022ರ ಅಕ್ಟೋಬರ್‌ನಲ್ಲಿ. 2015ರ ಸೆಪ್ಟೆಂಬರ್‌ನಲ್ಲಿ 22 ಅಪಾಚೆಗೆ ಸಹಿ ಬಿದ್ದಾಗ ಪ್ರಚಂಡ್ ಇನ್ನೂ ಪರೀಕ್ಷೆಯಲ್ಲಿತ್ತು. ಅಕ್ಬರ್‌ಗೆ ಆಗಲೇ ಮೂವತ್ತು ದಾಟಿತ್ತು. ವಾಯುಪಡೆ ಸುಮ್ಮನೆ ಕಾಯಬೇಕಿತ್ತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಪಂಜಾಬ್, ರಾಜಸ್ಥಾನದ ಗಡಿಯಲ್ಲಿ ಟ್ಯಾಂಕ್ ಬೇಟೆಗೆ ಅಪಾಚೆಗೆ ಸಾಟಿ ಕಡಿಮೆ. 2019ರಲ್ಲಿ ಅವು ಪಠಾಣ್‌ಕೋಟ್‌ಗೆ ಬಂದವು, 2020ರ ಬೇಸಿಗೆಯಲ್ಲಿ ಚೀನಾದ ಜೊತೆ ಬಿಗುವಾದಾಗ ಲಡಾಖ್‌ಗೂ ಹೋದವು. ಅಕ್ಬರ್ ಏರದ ಎತ್ತರವನ್ನು ಇವು ಏರುತ್ತವೆ, ಆದರೂ ಹತ್ತು ಟನ್ ಮೀರಿದ ಒಡಲು ಅಲ್ಲಿ ಪೂರ್ತಿ ಹೊರೆ ಹೊತ್ತು ಹಾರುವಂತಿಲ್ಲ. 2024ರ ಏಪ್ರಿಲ್‌ನಲ್ಲಿ ಲಡಾಖ್‌ನಲ್ಲೇ ಒಂದು ಅಪಾಚೆ ತುರ್ತಾಗಿ ಇಳಿಯಬೇಕಾಯಿತು. ಪೈಲಟ್‌ಗಳು ಉಳಿದರು, ಯಂತ್ರಕ್ಕೆ ಪೆಟ್ಟಾಯಿತು. ಪ್ರಚಂಡ್ ಆರು ಟನ್‌ನೊಳಗಿನ ಜೀವ.

ಹಾಗಾಗಿ ಆ ಇಪ್ಪತ್ತೆರಡರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಭೂಸೇನೆಗೆ ತಂದ ಆರರ ಬಗ್ಗೆ.

ದಾಳಿ ಹೆಲಿಕಾಪ್ಟರ್ ಯಾರ ಕೈಯಲ್ಲಿರಬೇಕು ಎಂಬುದು ಭೂಸೇನೆ ಮತ್ತು ವಾಯುಪಡೆಯ ಹಳೆಯ ದಾಯಾದಿ ಜಗಳ. ಟ್ಯಾಂಕಿನ ಜೊತೆ ಸಾಗುವ ಯಂತ್ರ ನಮ್ಮ ಮಾತು ಕೇಳಬೇಕು ಎಂದು ಒಬ್ಬರು, ಆಕಾಶ ನಮ್ಮದು ಎಂದು ಇನ್ನೊಬ್ಬರು. 2012ರಲ್ಲಿ ರಕ್ಷಣಾ ಸಚಿವಾಲಯ ಪಂಚಾಯ್ತಿ ಮಾಡಿತು: ಈ 22 ವಾಯುಪಡೆಗೆ, ಮುಂದಿನವು ಸೇನೆಗೆ. ಆ ‘ಮುಂದಿನವು’ ಆರಕ್ಕೆ ನಿಂತವು. 2020ರ ಫೆಬ್ರವರಿಯಲ್ಲಿ, ಟ್ರಂಪ್ ಭಾರತಕ್ಕೆ ಬಂದ ಹೊತ್ತಿನಲ್ಲಿ, ಸುಮಾರು ₹5,691 ಕೋಟಿಯ ಒಪ್ಪಂದವಾಯಿತು. ನೀವು ಲೆಕ್ಕದ ಮೇಷ್ಟ್ರೋ ಅಲ್ಲವೋ ಗೊತ್ತಿಲ್ಲ, ಭಾಗಾಕಾರ ಮಾಡಿ ನೋಡಿ: ಒಂದಕ್ಕೆ ಸುಮಾರು 950 ಕೋಟಿ. ವಾಯುಪಡೆಯ 22ಕ್ಕೆ ಆದದ್ದು ಹೆಚ್ಚುಕಡಿಮೆ 14 ಸಾವಿರ ಕೋಟಿ, ಒಂದಕ್ಕೆ 635. ಒಂದೊಂದು ಒಪ್ಪಂದದಲ್ಲೂ ಆಯುಧ, ಬಿಡಿಭಾಗ, ತರಬೇತಿಯ ಪಾಲು ಬೇರೆಬೇರೆ, ಹಾಗಾಗಿ ಇದು ಒರಟು ಲೆಕ್ಕ. ಆದರೂ ಚಿಲ್ಲರೆಯಾಗಿ ಕೊಂಡರೆ ತುಟ್ಟಿ ಎಂಬುದು ಸಂತೆಗೆ ಹೋದವರಿಗೆಲ್ಲ ಗೊತ್ತು. ಆರರಲ್ಲಿ ಒಂದೆರಡು ಸದಾ ರಿಪೇರಿಯಲ್ಲಿ, ಒಂದು ತರಬೇತಿಯಲ್ಲಿ. ಯುದ್ಧಕ್ಕೆಂದು ಉಳಿಯುವುದು ಎಷ್ಟು?

ಅವೂ ಹೊತ್ತಿಗೆ ಬರಲಿಲ್ಲ. 2024ರ ಮಾರ್ಚ್‌ನಲ್ಲಿ ಜೋಧ್‌ಪುರದಲ್ಲಿ ಸ್ಕ್ವಾಡ್ರನ್ ಸಿದ್ಧವಾಯಿತು. ಮೊದಲ ಮೂರು ಹೆಲಿಕಾಪ್ಟರ್ ದೆಹಲಿ ಬಳಿಯ ಹಿಂಡನ್ ವಾಯುನೆಲೆಗೆ ಇಳಿದದ್ದು 2025ರ ಜುಲೈ 22ಕ್ಕೆ, ಉಳಿದ ಮೂರು ಆ ವರ್ಷದ ಕೊನೆಗೆ. ಚಪ್ಪರ ಹಾಕಿ, ವಾಲಗದವರನ್ನು ಕೂರಿಸಿ, ದಿಬ್ಬಣದ ದಾರಿ ನೋಡಿದ ಹಾಗಾಯಿತು ಆ ಸ್ಕ್ವಾಡ್ರನ್ನಿನ ಪಾಡು.

ಅಷ್ಟರಲ್ಲಿ ಕಾಲವೂ ಬದಲಾಗಿತ್ತು. 2003ರ ಮಾರ್ಚ್‌ನಲ್ಲಿ ಇರಾಕಿನ ಕರ್ಬಲಾ ಬಳಿ ಒಂದೇ ರಾತ್ರಿ ಸುಮಾರು ಮೂವತ್ತು ಅಮೆರಿಕನ್ ಅಪಾಚೆಗಳು ದಾಳಿಗೆ ಹೋಗಿ, ಬಂದೂಕಿನ ಗುಂಡುಗಳಿಗೇ ಜರಡಿಯಾಗಿ ಮರಳಿದ್ದವು. ಒಂದು ಅಲ್ಲೇ ಉಳಿಯಿತು, ಅದರ ಪೈಲಟ್‌ಗಳಿಬ್ಬರೂ ಸೆರೆಯಾದರು. 2022ರಿಂದ ಯುಕ್ರೇನ್‌ನಲ್ಲಿ ರಷ್ಯಾದ ಕೆಎ-52 ದಾಳಿ ಹೆಲಿಕಾಪ್ಟರ್‌ಗಳು ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳಿಗೆ ಸಾಲುಸಾಲಾಗಿ ಬಿದ್ದವು. ಜಪಾನ್ ಅದೇ ವರ್ಷ ತನ್ನ ಅಪಾಚೆಗಳನ್ನು ಬಿಟ್ಟು ಡ್ರೋನ್ ಹಿಡಿಯುವ ತೀರ್ಮಾನ ಮಾಡಿತು. ಪೋಲೆಂಡ್ ಮಾತ್ರ 2024ರಲ್ಲಿ 96 ಅಪಾಚೆಗೆ ಆರ್ಡರ್ ಕೊಟ್ಟಿತು. ಪಕ್ಕದ ಮನೆಯಲ್ಲೇ ರಷ್ಯಾ ಇದ್ದರೆ ಲೆಕ್ಕಾಚಾರ ಬೇರೆ.

ಸ್ವದೇಶಿಯ ಬಗ್ಗೆ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಪ್ರಚಂಡ್‌ನ ಫಿರಂಗಿ ಫ್ರಾನ್ಸಿನದು, ಆಕಾಶದ ಗುರಿಗೆ ಬಿಡುವ ಮಿಸ್ಟ್ರಾಲ್ ಕ್ಷಿಪಣಿಯೂ ಅಲ್ಲಿನದೇ. ‘ಶಕ್ತಿ’ ಎಂಜಿನ್ ಎಚ್‌ಎಎಲ್ ಫ್ರೆಂಚ್ ಕಂಪನಿಯೊಡನೆ ಕೂಡಿ ಮಾಡಿದ್ದು. ಸೇವೆಗೆ ಸೇರಿದಾಗ ಟ್ಯಾಂಕ್ ಹೊಡೆಯುವ ಕ್ಷಿಪಣಿಯೇ ಅದರಲ್ಲಿರಲಿಲ್ಲ. ಅದರ ಅಣ್ಣ, ಎಚ್‌ಎಎಲ್‌ನದೇ ಆದ ಧ್ರುವ್ ಹೆಲಿಕಾಪ್ಟರ್, 2025ರ ಜನವರಿಯ ಪೋರಬಂದರ್ ಅಪಘಾತದ ನಂತರ ತಿಂಗಳುಗಟ್ಟಲೆ ನೆಲ ಬಿಟ್ಟು ಏಳಲಿಲ್ಲ. ಇತ್ತ ‘ವಿದೇಶಿ’ ಅಪಾಚೆಯ ಒಡಲು ತಯಾರಾಗುವುದು ಹೈದರಾಬಾದಿನ ಟಾಟಾ-ಬೋಯಿಂಗ್ ಕಾರ್ಖಾನೆಯಲ್ಲಿ.

ಆದರೂ ನನ್ನ ಕೈಯಲ್ಲಿ ಆ ದುಡ್ಡಿದ್ದಿದ್ದರೆ ಆರು ಅಪಾಚೆಯ ಬದಲು ಪ್ರಚಂಡ್‌ಗೇ ಹಾಕುತ್ತಿದ್ದೆ. ಕುಂದುಗಳಿದ್ದರೂ ಅವನ್ನು ತಿದ್ದುವವರು ಬೆಂಗಳೂರಿನಲ್ಲೇ ಇದ್ದಾರೆ. 2025ರ ಮಾರ್ಚ್ 28ರಂದು ಸರ್ಕಾರ ₹62,700 ಕೋಟಿಗೆ 156 ಪ್ರಚಂಡ್‌ಗಳಿಗೆ ಸಹಿ ಹಾಕಿದೆ. ಅದರಲ್ಲಿ 90 ಸೇನೆಗೆ, 66 ವಾಯುಪಡೆಗೆ. ತಯಾರಿ ಬೆಂಗಳೂರು ಮತ್ತು ನಿಮ್ಮ ತುಮಕೂರು ಘಟಕದಲ್ಲಿ. ಒಪ್ಪಂದದ ಪ್ರಕಾರ ಪೂರೈಕೆ ಶುರುವಾಗುವುದು ಮೂರನೇ ವರ್ಷದಿಂದ. 2028ರ ಸುಮಾರಿಗೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರಿ. ಕಂಡರೆ ಒಂದು ಕಾರ್ಡು ಬರೆಯಿರಿ, ಈ ಸಲ ಚಿತ್ರದಡಿಯ ಸಾಲನ್ನು ನಿಮ್ಮಿಂದಲೇ ಬರೆಸುತ್ತೇನೆ.

— ಸಂಪಾದಕ