ನೆರವಿನ ದುಡ್ಡು ಯಾರ ಕೈ ಸೇರುತ್ತದೆ?

ಪ್ರಶ್ನೆ: ನಾನು ನಿವೃತ್ತ ಶಾಲಾ ಮೇಷ್ಟ್ರು. ಯುದ್ಧ, ಬರ ಅಂತ ಹೇಳಿ ವಿಶ್ವಸಂಸ್ಥೆ ಮತ್ತು ದೊಡ್ಡ ಸಂಸ್ಥೆಗಳು ಕೋಟಿ ಕೋಟಿ ಎತ್ತುತ್ತವೆ. ಅದರಲ್ಲಿ ಬಹುಪಾಲು ಕಾರು, ಹೋಟೆಲು, ಸಂಬಳಕ್ಕೇ ಹೋಗುತ್ತದಂತೆ. ಅಮೆರಿಕ ನೆರವು ನಿಲ್ಲಿಸಿದ್ದು ಒಳ್ಳೆಯದೇ ಆಯಿತಲ್ಲವೇ ಮೇಡಂ? – ಓದುಗರು, ಗದಗ

ಉತ್ತರ: ಮೇಷ್ಟ್ರೇ, ನಿಮ್ಮ ಸಿಟ್ಟು ಒಪ್ಪುತ್ತೇನೆ, ತೀರ್ಮಾನ ಒಪ್ಪುವುದಿಲ್ಲ. ನಾನು ಪರಿಹಾರ ಸಂಸ್ಥೆಗಳ ಗೋಡೌನ್ ಕಡೆ ಕೆಲಸ ಮಾಡಿದವಳು. ಮೂಟೆ, ಟಾರ್ಪಾಲು, ಲಾರಿ ಬಾಡಿಗೆ, ಇದೇ ನನ್ನ ಲೋಕ. ಬಿಳಿ ಲ್ಯಾಂಡ್‌ಕ್ರೂಸರ್‌ಗಳ ಸಾಲು ನಾನೂ ನೋಡಿದ್ದೇನೆ, ಬೈದುಕೊಂಡಿದ್ದೇನೆ. ಆದರೆ ಕಾರು ಕಣ್ಣಿಗೆ ಬೀಳುತ್ತದೆ, ದೊಡ್ಡ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದಿಂದ ಹಡಗಿನಲ್ಲಿ ಹೋಗುವ ನೆರವಿನ ಧಾನ್ಯದಲ್ಲಿ ಕನಿಷ್ಠ ಅರ್ಧವನ್ನು ಆ ದೇಶದ ಬಾವುಟವಿರುವ ಹಡಗಿನಲ್ಲೇ ಸಾಗಿಸಬೇಕು ಅಂತ ಅಲ್ಲಿ ಕಾನೂನೇ ಇದೆ. ಆ ಹಡಗುಗಳ ಬಾಡಿಗೆ ಜಾಸ್ತಿ. ಕಾಳು ಅಲ್ಲೇ ಕೊಂಡು, ಅಲ್ಲೇ ತುಂಬಿ, ತಿಂಗಳುಗಟ್ಟಲೆ ಸಮುದ್ರದಲ್ಲಿ ತಂದು ಇಳಿಸುವಷ್ಟರಲ್ಲಿ ಕೆಲವು ಸಲ ಪಕ್ಕದ ಜಿಲ್ಲೆಯ ರೈತನ ಬೆಳೆಯೇ ಕಟಾವಿಗೆ ಬಂದಿರುತ್ತದೆ. ಆಗ ಅವನ ಜೋಳಕ್ಕೆ ಬೆಲೆ ಎಲ್ಲಿಂದ ಸಿಗಬೇಕು?

ಇನ್ನೊಂದು ಸೋರಿಕೆ ಮೆಟ್ಟಿಲುಗಳದ್ದು. ದುಡ್ಡು ಕೊಡುವ ಸರ್ಕಾರದಿಂದ ವಿಶ್ವಸಂಸ್ಥೆಗೆ, ಅಲ್ಲಿಂದ ವಿದೇಶಿ ಸಂಸ್ಥೆಗೆ, ಅಲ್ಲಿಂದ ರಾಜಧಾನಿಯ ಸಂಸ್ಥೆಗೆ, ಕೊನೆಗೆ ಊರಿನ ಗುಂಪಿಗೆ. ಪ್ರತಿ ಮೆಟ್ಟಿಲಲ್ಲೂ ಕಚೇರಿ ಖರ್ಚು ಅಂತ ಒಂದಿಷ್ಟು ಕಡಿತ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಸಮಾವೇಶದಲ್ಲಿ ಕೊಡುವವರು, ದೊಡ್ಡ ಸಂಸ್ಥೆಯವರು ಎಲ್ಲ ಸೇರಿ ಒಂದು ಮಾತು ಕೊಟ್ಟರು. 2020ರ ಹೊತ್ತಿಗೆ ಶೇ. 25ರಷ್ಟು ಹಣ ಆದಷ್ಟು ನೇರವಾಗಿ ಸ್ಥಳೀಯರಿಗೆ ಹೋಗಬೇಕು ಅಂತ. ನೇರವಾಗಿ ಹೋದದ್ದು ಶೇ. 5ನ್ನೂ ಮುಟ್ಟಲಿಲ್ಲ. ಕೇಳಿದರೆ ಒಂದೇ ಸಬೂಬು: ಸಣ್ಣವರಿಗೆ ಲೆಕ್ಕ ಇಡಲು ಬರುವುದಿಲ್ಲ. ಹತ್ತು ದಾನಿಗಳು ಹತ್ತು ಥರದ ಇಂಗ್ಲಿಷ್ ಫಾರಂ ಕೊಟ್ಟರೆ ಯಾರಿಗೆ ತಾನೇ ಬರುತ್ತದೆ?

ಈಗ ಅಮೆರಿಕ ನೆರವು ನಿಲ್ಲಿಸಿದ ವಿಷಯಕ್ಕೆ ಬರೋಣ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನ ಖಾರ್ತೂಮಿನಲ್ಲಿ ಯುದ್ಧ ಶುರುವಾದಾಗ ವಿದೇಶಿ ಸಿಬ್ಬಂದಿ ಹೆಚ್ಚಿನವರು ಜೀವ ಉಳಿಸಿಕೊಂಡು ಹೊರಟರು. ಅದನ್ನು ತಪ್ಪು ಅನ್ನಲಾರೆ. ಉಳಿದದ್ದು ಬಡಾವಣೆಯ ಹುಡುಗ ಹುಡುಗಿಯರು. ಅವರೇ ಬೀದಿ ಬೀದಿಯಲ್ಲಿ ತುರ್ತು ತಂಡ ಕಟ್ಟಿಕೊಂಡರು. ಸಾಮೂಹಿಕ ಅಡುಗೆಮನೆ, ನೀರು, ಔಷಧಿ, ಗಾಯಾಳುಗಳನ್ನು ಸಾಗಿಸುವುದು, ಎಲ್ಲ ಅವರದೇ. ಯಾರ ಮನೆಯಲ್ಲಿ ಎಷ್ಟು ಬಾಯಿ ಅಂತ ಅವರಿಗೆ ಸಮೀಕ್ಷೆ ಮಾಡದೆಯೇ ಗೊತ್ತು. ಈ ತಂಡಗಳಿಗೆ 2025ರಲ್ಲಿ ‘ಪರ್ಯಾಯ ನೊಬೆಲ್’ ಅಂತ ಕರೆಯುವ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಬಂತು. ಅದೇ ವರ್ಷದ ಜನವರಿಯಲ್ಲಿ ಅಮೆರಿಕ ಹಣ ತಡೆಹಿಡಿಯಿತು. ಆ ಅಡುಗೆಮನೆಗಳಲ್ಲಿ ನೂರಾರು ಕೆಲವೇ ವಾರಗಳಲ್ಲಿ ಮುಚ್ಚಿದವು. ದೊಡ್ಡ ಸಂಸ್ಥೆಗಳಿಗೆ ಸ್ವಲ್ಪವಾದರೂ ಗಂಟು ಇರುತ್ತದೆ, ಇವರಿಗೆ ಇವತ್ತಿನ ಬೇಳೆಗೆ ಇವತ್ತಿನ ದುಡ್ಡು. ಕಳೆ ಕೀಳುತ್ತೇನೆ ಅಂತ ಪೈರನ್ನೇ ಕಿತ್ತ ಹಾಗಾಯಿತು ಮೇಷ್ಟ್ರೇ.

ಅದೇ ವರ್ಷದ ಜೂನ್‌ನಲ್ಲಿ ವಿಶ್ವಸಂಸ್ಥೆಯ ನೆರವು ಮುಖ್ಯಸ್ಥ ಟಾಮ್ ಫ್ಲೆಚರ್ ಆ ವರ್ಷಕ್ಕೆ ದಾನಿಗಳಲ್ಲಿ ಕೇಳಿದ್ದ ನೆರವಿನ ಮೊತ್ತವನ್ನು 44 ಶತಕೋಟಿ ಡಾಲರ್‌ನಿಂದ 29ಕ್ಕೆ ಇಳಿಸಿದರು. ಇದನ್ನೂ ಸುಧಾರಣೆ ಅನ್ನುವವರಿದ್ದಾರೆ. ಹಸಿದವರು ಕಮ್ಮಿಯಾಗಿ ಪಟ್ಟಿ ಚಿಕ್ಕದಾದದ್ದಲ್ಲ, ದುಡ್ಡು ಬರುವುದಿಲ್ಲ ಅಂತ ಚಿಕ್ಕದು ಮಾಡಿದ್ದು. ನಿಜವಾಗಿ ಸುಧಾರಿಸುವುದಾದರೆ ಮೊದಲು ನಡುವಿನ ಮೆಟ್ಟಿಲು ಕಡಿಮೆ ಮಾಡಲಿ.

ಪ್ರಶ್ನೆ: ಸಂತ್ರಸ್ತರಿಗೆ ಅಕ್ಕಿ, ಬೇಳೆ ಬದಲು ದುಡ್ಡೇ ಕೊಡಿ ಅಂತ ನೀವು ಹೋದ ಸಂಚಿಕೆಯಲ್ಲಿ ಬರೆದಿದ್ದಿರಿ. ಗಂಡಸರು ಕುಡಿದು ಹಾಳು ಮಾಡುವುದಿಲ್ಲವೇ? – ಓದುಗರು, ಚಳ್ಳಕೆರೆ

ಉತ್ತರ: ಈ ಪ್ರಶ್ನೆ ಬರದ ಊರೇ ಇಲ್ಲ ಬಿಡಿ ತಾಯಿ. ವಿಶ್ವಬ್ಯಾಂಕಿನ ಇಬ್ಬರು ಸಂಶೋಧಕರು 2014ರಲ್ಲಿ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನಗದು ಸಿಕ್ಕಿದ್ದರಿಂದ ಹೆಂಡ, ತಂಬಾಕಿನ ಖರ್ಚು ಏರಿದ್ದು ಕಾಣಲಿಲ್ಲ. ಕುಡಿಯುವವನು ಅಕ್ಕಿ ಮಾರಿಯೂ ಕುಡಿಯುತ್ತಾನೆ, ಅದೂ ಅರ್ಧ ಬೆಲೆಗೆ.

2020ರ ಜುಲೈನಲ್ಲಿ ಬಾಂಗ್ಲಾದೇಶದ ಜಮುನಾ ನದಿ ತುಂಬುವ ಮುನ್ಸೂಚನೆ ಬಂತು. ನೆರೆ ಏರಿ ನಿಲ್ಲುವ ಮೊದಲೇ ವಿಶ್ವಸಂಸ್ಥೆಯವರು ಸಾವಿರಾರು ಮನೆಗಳಿಗೆ ತಲಾ 4,500 ಟಾಕಾವನ್ನು ಮೊಬೈಲಿಗೆ ಹಾಕಿದರು. ಜನ ತಿನ್ನಲು ಕೊಂಡರು, ದನಕರುಗಳನ್ನು ನೋಡಿಕೊಂಡರು. ಮುಳುಗಿದ ಮೇಲೆ ಫೋಟೋ ತೆಗೆದು, ಚಂದಾ ಎತ್ತಿ, ಟೆಂಡರ್ ಕರೆಯುವುದಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ?

ಹಾಗಂತ ಎಲ್ಲ ಕಡೆ ದುಡ್ಡೇ ಮದ್ದಲ್ಲ. ನಮ್ಮ ಅನ್ನಭಾಗ್ಯವನ್ನೇ ನೋಡಿ. ಅಕ್ಕಿ ಸಿಗದೆ 2023ರ ಜುಲೈನಿಂದ ಐದು ಕೆಜಿ ಬದಲು ತಲೆಗೆ 170 ರೂಪಾಯಿ ಕೊಟ್ಟರು, ಕೆಜಿಗೆ 34ರ ಲೆಕ್ಕ. ಊಟದ ಅಕ್ಕಿ 34ಕ್ಕೆ ಎಲ್ಲಿ ಸಿಗುತ್ತೆ ಅಂತ ಹೆಂಗಸರು ಕೇಳಿದ್ದು ನ್ಯಾಯವೇ. 2025ರಲ್ಲಿ ಮತ್ತೆ ಅಕ್ಕಿಯೇ ಬಂತು. ಗಾಜಾದಲ್ಲಂತೂ ಇನ್ನೂ ಕಷ್ಟ. ಗಡಿ ದಾಟಿ ಸರಕೇ ಬರದಿದ್ದರೆ ನೋಟು ಇಟ್ಟುಕೊಂಡು ಏನು ಮಾಡುವುದು? 2025ರ ಬೇಸಿಗೆಯಲ್ಲಿ ಅಲ್ಲಿ ಖಾತೆಯ ದುಡ್ಡನ್ನು ನಗದು ಮಾಡಿಸಲು ಕಮಿಷನ್ನೇ ಶೇ. 40ರ ಆಸುಪಾಸು ಇತ್ತು. ಅಂಗಡಿ ತೆರೆದಿದೆಯಾ, ಅದರಲ್ಲಿ ಸರಕಿದೆಯಾ, ಬೆಲೆ ಎಷ್ಟು? ಈ ಮೂರು ಕೇಳಿಕೊಂಡು ಆಮೇಲೆ ನಗದೋ ಮೂಟೆಯೋ ಅಂತ ತೀರ್ಮಾನಿಸಬೇಕು.

ಪ್ರಶ್ನೆ: ನಮ್ಮ ಕಾಲೇಜಿನ ಎನ್‌ಎಸ್‌ಎಸ್ ತಂಡ ನೆರೆ ಸಂತ್ರಸ್ತರಿಗೆ ಹಳೆ ಬಟ್ಟೆ ಸಂಗ್ರಹಿಸಬೇಕೆಂದಿದೆ. ಸಲಹೆ ಕೊಡಿ. – ವಿದ್ಯಾರ್ಥಿ, ಪುತ್ತೂರು

ಉತ್ತರ: ಬೇಡ ತಮ್ಮಾ. 2004ರ ಸುನಾಮಿ ಆದಮೇಲೆ ನಾಗಪಟ್ಟಿಣದ ಕಡೆ ರಸ್ತೆ ಬದಿಯಲ್ಲಿ ಹಳೆ ಬಟ್ಟೆ ರಾಶಿ ಬಿದ್ದಿತ್ತು. ಮೀನುಗಾರರ ಹೆಂಗಸರು ಮುಟ್ಟಲೂ ಇಲ್ಲ. ಅವರು ಕಳೆದುಕೊಂಡದ್ದು ದೋಣಿ, ಬಲೆ, ಮನೆ. ಪರರು ಉಟ್ಟು ಬಿಟ್ಟದ್ದನ್ನು ಉಡುವಷ್ಟು ಅವರೇನು ಸೋತಿರಲಿಲ್ಲ. ಬಟ್ಟೆ ವಿಂಗಡಿಸಲು ಜನ ಬೇಕು, ಸಾಗಿಸಲು ಲಾರಿ ಬೇಕು, ಕೊನೆಗೆ ಸುಡಲೂ ಜಾಗ ಬೇಕು. ಮೊದಲು ಆ ಊರಿನ ಪಂಚಾಯಿತಿಗೋ ಆಶಾ ಕಾರ್ಯಕರ್ತೆಗೋ ಫೋನ್ ಮಾಡಿ, ಏನು ಬೇಕು ಅಂತ ಕೇಳಿ. ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್, ಮನೆ ಕೆಸರು ತೆಗೆಯಲು ಸಲಿಕೆ, ಇಂಥದ್ದು ಹೇಳುತ್ತಾರೆ. ಏನೂ ಬೇಡ ಅಂದರೆ ಸುಮ್ನೆ ಸಲಿಕೆ ಹಿಡಿದು ನೀವೇ ಹೋಗಿ. ಊಟ ಮಾತ್ರ ನಿಮ್ಮದು ನೀವೇ ಕಟ್ಟಿಕೊಂಡು ಹೋಗಬೇಕು.