ಬೆಂಗಳೂರು ಆಫೀಸಿಗೆ ಮತ್ತೆ ಬರಲೇಬೇಕಂತೆ, ಮಗು ಚಿಕ್ಕದು. ಮೈಸೂರಿಂದಲೇ ಓಡಾಡಬಹುದಾ?

ವಾರಕ್ಕೆ ಎರಡು ದಿನವಾದರೆ ಧಾರಾಳವಾಗಿ. ಐದು ದಿನ ಅಂದ್ರೆ ಬೇಡ.

2023ರ ಮಾರ್ಚಲ್ಲಿ ಉದ್ಘಾಟನೆಯಾದ ಹೆದ್ದಾರಿ ನೋಡಿ 'ಒಂದೂವರೆ ಗಂಟೆ ಅಷ್ಟೇ' ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆ ಲೆಕ್ಕ ಕೆಂಗೇರಿವರೆಗೆ ಮಾತ್ರ, ಅಲ್ಲಿಂದ ಮುಂದೆ ಟ್ರಾಫಿಕ್ ಇಟ್ಟಂಗೆ ಇರಬೇಕು. ಕೆಲಸ ವೈಟ್‌ಫೀಲ್ಡ್ ಕಡೆ ಇದ್ದರೆ ಕೆಂಗೇರಿಯಲ್ಲೇ ಇಳಿದು ನೇರಳೆ ಮಾರ್ಗದ ಮೆಟ್ರೋ ಹತ್ತಿ, ಎಲ್ಲೂ ಬದಲಿಸಬೇಕಿಲ್ಲ. ಬೈಕ್ ಮರೆತುಬಿಡಿ, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಗೆ ಬಿಡಲ್ಲ.

ಜಾಸ್ತಿ ಯೋಚಿಸಬೇಕಾದ್ದು ಮನೆ ಕಡೆ. ಹುಟ್ಟಿದಾಗಿಂದ ಅಪ್ಪ ಅಮ್ಮನನ್ನ ಲ್ಯಾಪ್‌ಟಾಪ್ ಮುಂದೆಯೇ ನೋಡಿದ ಮಗು, ನೀವು ಚಪ್ಪಲಿ ಮೆಟ್ಟಿದ ಕೂಡಲೇ ಬಾಗಿಲಿಗೆ ಅಡ್ಡ ನಿಲ್ಲುತ್ತೆ. ಅತ್ತೆ 'ನಾನಿದೀನಲ್ಲ, ಹೋಗವ್ವ' ಅಂತಾರೆ, ನಿಜ, ಆದರೆ ಮಂಡಿನೋವು ಇಟ್ಟುಕೊಂಡು ಬೆಳಗಿಂದ ರಾತ್ರಿವರೆಗೆ ಮಗು ಹಿಂದೆ ಓಡೋದು ಸುಮ್ನೆ ಮಾತಲ್ಲ. ಅರ್ಧ ದಿನಕ್ಕಾದರೂ ಮನೆ ಹತ್ತಿರ ಡೇಕೇರ್ ನೋಡಿ.

50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಂಪನಿ ಡೇಕೇರ್ ಸೌಲಭ್ಯ ಕೊಡಬೇಕು ಅಂತ 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು (ಮಗು ಮೈಸೂರಲ್ಲಿ, ಡೇಕೇರ್ ಬೆಂಗಳೂರಲ್ಲಿ ಇದ್ದರೆ ಏನು ಬಂತು, ಅಲ್ವಾ?). ಹೆರಿಗೆ ರಜೆ ಮುಗಿದ ಮೇಲೆ, ಕೆಲಸಕ್ಕೆ ಹೊಂದಿದರೆ, ನೀವೂ ಕಂಪನಿಯೂ ಒಪ್ಪಿ ಮನೆಯಿಂದ ಕೆಲಸ ಮುಂದುವರಿಸಬಹುದು ಅಂತಲೂ ಅದರಲ್ಲಿತ್ತು, 2025ರ ನವೆಂಬರಿಂದ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಅದನ್ನೇ ಹಿಡಿದು ಮ್ಯಾನೇಜರ್ ಹತ್ತಿರ ಮಾತಾಡಿ, ಒಪ್ಪಿದ್ದನ್ನ ಮೇಲ್‌ನಲ್ಲಿ ಬರೆಸಿಕೊಳ್ಳಿ.